ಒಂದು ದಿನದ ಸೇಫ್ಟಿ ಆಫೀಸರ್

ಎಲ್ಲಕ್ಕೂ ಮೂಲ ಜ್ಯೋತಿಬಾನ ಹವಾಯಿ ಚಪ್ಪಲಿ.

ದಾಂಡೇಲಿಯಲ್ಲಿ ಹಳಿಯಾಳ ರಸ್ತೆಯ ಪಕ್ಕಕ್ಕೆ ಶೌಕತನ ವೆಲ್ಡಿಂಗ್ ಶೆಡ್ ಇದೆ. ಗೇಟು, ಕಿಟಕಿ, ಟ್ರ್ಯಾಕ್ಟರ್ ಟ್ರೇಲರು, ಕಬ್ಬಿಣದ್ದು ಏನೇ ಹೇಳಿ, ಮಾಡಿಕೊಡುತ್ತಾನೆ. ಕೆಲಸ ಗಟ್ಟಿ. ಕೆಲಸ ಮಾಡುವ ರೀತಿ ಮಾತ್ರ ದೇವರಿಗೇ ಪ್ರೀತಿ. ಜೋಯಿಡಾ ಕಡೆ ಕಾಳಿ ಹೊಳೆಯ ದಂಡೆಗೆ ಹೊಸದಾಗಿ ಏಳುತ್ತಿದ್ದ ರೆಸಾರ್ಟಿನ ಮ್ಯಾನೇಜರ್ ಸಚಿನ, ಅಲ್ಲಿ ಹತ್ತಿ ಕಾಡು ನೋಡುವ ಮಚಾನು, ಮೆಟ್ಟಿಲು, ತೂಗುಸೇತುವೆಯ ಕಟಕಟೆ ಎಲ್ಲವನ್ನೂ ಇವನಿಗೇ ಕೊಡಬೇಕೆಂದು ಮನಸ್ಸು ಮಾಡಿ ಶೆಡ್ಡಿಗೆ ಬಂದ. ಬಂದವನ ಕಣ್ಣಿಗೆ ಮೊದಲು ಬಿದ್ದವನು ಕೆಲಸಗಾರ ಜ್ಯೋತಿಬಾ. ಕಾಲಲ್ಲಿ ಸವೆದ ಚಪ್ಪಲಿ, ಮೈಮೇಲೆ ಬನಿಯನ್ನು. ಕಿಡಿ ಹಾರುವ ಹೊತ್ತಿಗೆ ಸರಿಯಾಗಿ ಎರಡೂ ಕಣ್ಣು ಮುಚ್ಚಿಕೊಂಡು ವೆಲ್ಡಿಂಗ್ ಮಾಡುತ್ತಿದ್ದ.

“ಇವಗ ಕನ್ನಡಕ ಇಲ್ಲೇನ್ರಿ?” ಸಚಿನ ಕೇಳಿದ.

“ಬೇಕಾಗಿಲ್ರಿ ಸಾಹೇಬ್ರ. ಕಣ್ಣು ಮುಚ್ಚಿದ್ರೂ ಗೆರಿ ತಪ್ಪಂಗಿಲ್ಲ ಅಂವಾ!” ಎಂದ ಶೌಕತ, ಹೆಮ್ಮೆಯಿಂದ.

ಸಚಿನನ ಮುಖ ಸಣ್ಣಗಾಯಿತು. ಕಂಪನಿಯ ರೂಲು ಹೇಳಿದ. ತಪಾಸಣೆಯಲ್ಲಿ ಪಾಸಾದ ಶೆಡ್ಡಿಗೇ ಕೆಲಸ. ಶೆಡ್ಡಿನಲ್ಲಿ ಒಬ್ಬ ಸೇಫ್ಟಿ ಆಫೀಸರ್ ಇರಲೇಬೇಕು, ಇರದಿದ್ದರೆ ಆರ್ಡರ್ ಇಲ್ಲ. ಹುಬ್ಬಳ್ಳಿಯಿಂದ ನಿರ್ಮಲಾ ಮೇಡಮ್ ಬಂದು ನೋಡಿ ಹೋಗುತ್ತಾರೆ. ಶೌಕತ ಎಲ್ಲದಕ್ಕೂ “ಹೌದ್ರಿ, ಹೌದ್ರಿ” ಎಂದು ತಲೆಯಾಡಿಸಿದ. ಸಚಿನನ ಗಾಡಿ ತಿರುವು ದಾಟುವುದರೊಳಗೆ ಎಲ್ಲವನ್ನೂ ಮರೆತ.

ಮರೆಯುವಂಥ ಮಾತಾಗಿರಲಿಲ್ಲ ಅದು. ಮಳೆಗಾಲ ಮುಗಿದ ಮೇಲೂ ಶೆಡ್ಡಿಗೆ ಹೇಳಿಕೊಳ್ಳುವಂಥ ಕೆಲಸ ಬಂದಿರಲಿಲ್ಲ. ಈ ಆರ್ಡರ್ ತಪ್ಪಿದರೆ ಜ್ಯೋತಿಬಾ, ಮುಷರಫ, ಆತಿಫ ಮೂವರೂ ಗಡಿ ಕಡೆಯ ರಾಮನಗರದ ದಾರಿ ಹಿಡಿದು ಗೋವಾಕ್ಕೆ ದುಡಿಯಲು ಹೋಗುವವರಿದ್ದರು. ಅವರು ಹೋದರೆ ಶೆಡ್ಡಿಗೆ ಬೀಗ.

ಹೀಗಿರುವಾಗ ಒಂದು ಬೆಳಿಗ್ಗೆ ಫೋನು ಬಂತು. “ನಾನು ನಿರ್ಮಲಾ ಅಂತ. ಹಳಿಯಾಳದಾಗ ಚಾ ಕುಡೀಲಿಕ್ಕೆ ನಿಂತೇನಿ. ಇನ್ನೊಂದು ತಾಸಿಗೆ ನಿಮ್ಮ ಶೆಡ್ಡಿಗೆ ಬರ್ತೇನಿ.”

ಶೌಕತ ಚಾದಲ್ಲಿ ಅದ್ದಿ ಬಾಯಿಗಿಟ್ಟ ಪಾವು ಬ್ರೆಡ್ಡು ಗಂಟಲಲ್ಲೇ ನಿಂತಿತು. ಹೆಂಡತಿ ಸಿರಾಜುನ್ನಿಸಾ ನೀರು ಕೊಟ್ಟು ಬೆನ್ನು ತಟ್ಟಿದಳು, ಬೇಕಾದ್ದಕ್ಕಿಂತ ತುಸು ಜೋರಾಗಿಯೇ.

“ನಾ ಹೇಳಿರಲಿಲ್ಲ? ಬೂಟು ತರ್ರಿ, ಕನ್ನಡಕ ತರ್ರಿ, ಬೋರ್ಡ್ ಬರಸ್ರಿ ಅಂತ ಬಡ್ಕೊಂಡೆ. ನನ್ನ ಮಾತು ಈ ಮನಿಯಾಗ ಯಾರಿಗೆ ಬೇಕಾಗೇತಿ?”

ಶೌಕತ ಓಡಿದ್ದು ಶೆಡ್ಡಿನ ಎದುರಿನ ಶಿವಯೋಗಿಯ ಚಾದಂಗಡಿಗೆ. ಊರಿನ ಯಾವ ತೊಂದರೆಗಾದರೂ ಶಿವಯೋಗಿಯ ಬಳಿ ಪರಿಹಾರವಿರುತ್ತದೆ. ಆ ಪರಿಹಾರದಿಂದ ಹುಟ್ಟುವ ತೊಂದರೆಗೆ ಮಾತ್ರ ಇರುವುದಿಲ್ಲ.

“ಹೆಲ್ಮೆಟ್ ಏನ್ ದೊಡ್ಡ ಮಾತೋ ಮಾರಾಯಾ! ನಮ್ಮ ಭಾವಮೈದುನ ಹೊಳ್ಯಾಗ ರಾಫ್ಟಿಂಗ್ ಮಾಡಸವರ ಜೀಪ್ ಹೊಡೀತಾನ. ಒಂದು ಚೀಲ ತುಂಬಿ ತರ್ತಾನ, ಸಂಜೀಕ ವಾಪಸ್ ಕೊಟ್ರಾತು.”

“ಮತ್ತ ಸೇಫ್ಟಿ ಆಫೀಸರ್?”

ಶಿವಯೋಗಿ ಸೌಟಿನಿಂದಲೇ ಮೂಲೆಯ ಬೆಂಚು ತೋರಿಸಿದ. ಅಲ್ಲಿ ಮಲಕಪ್ಪ ಕಾಕಾ ಪೇಪರ್ ಓದುತ್ತ ಕೂತಿದ್ದ.

ದಾಂಡೇಲಿಯಲ್ಲಿ ಒಂದು ನಂಬಿಕೆ ಇದೆ. ಪೇಪರ್ ಮಿಲ್ಲಿನಿಂದ ರಿಟೈರ್ ಆದವನಿಗೆ ಗೊತ್ತಿಲ್ಲದ ರೂಲು ಈ ಭೂಮಿಯ ಮೇಲಿಲ್ಲ ಅಂತ. ಮಿಲ್ಲಿನಲ್ಲಿ ಅವನ ಕೆಲಸ ಏನಿತ್ತು ಎಂದು ಯಾರೂ ಕೇಳುವುದಿಲ್ಲ. ಮಲಕಪ್ಪ ಅಲ್ಲಿ ಇಡೀ ಸರ್ವಿಸು ಗೇಟಿನ ವಾಚ್‌ಮನ್ ಆಗಿದ್ದವನು. ಅವನಿಗೆ ಬರುತ್ತಿದ್ದ ವಿದ್ಯೆ ಒಂದೇ, ಬಂದವರನ್ನು ತಡೆಯುವುದು. ಹಳದಿ ಹೆಲ್ಮೆಟ್ಟು ಮತ್ತು ಸೀಟಿಯನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡಿದ್ದ.

“ಕಾಕಾ, ಇವತ್ತೊಂದು ದಿನ ನಮ್ಮಲ್ಲಿ ಆಫೀಸರ್ ಆಗ್ರಿ. ನಿಮ್ಮ ಮಂಚದ ಕಾಲು ಮುರದೈತಿ ಅಂದಿದ್ರಲ್ಲ, ಪುಕ್ಕಟೆ ಬೆಸುಗಿ ಹಾಕಿ ಕೊಡ್ತೇನಿ.”

ಮಲಕಪ್ಪ ಪೇಪರ್ ಮಡಚಿದ. “ಆಗಲಿ. ಆದ್ರ ಆರ್ಡರ್ ಕಾಪಿ ಬೇಕು. ಕೆಲಸಕ್ಕ ತಗೊಂಡಿದ್ದಕ್ಕ ಕಾಗದ ಕೊಡಬೇಕು, ಅದು ಕಾಯ್ದೆ.”

“ಅರೆ, ಒಂದಿನದ ಕೆಲಸಕ್ಕ ಕಾಗದ ಯಾಕ ಕಾಕಾ! ಸಂಜೀಕ ನಿಮ್ಮ ಮಂಚ ನಿಮಗ, ನಮ್ಮ ಶೆಡ್ಡು ನಮಗ.”

“ನಿಮ್ಮ ಮರ್ಜಿ,” ಎಂದ ಮಲಕಪ್ಪ. ಎದ್ದು ಮನೆಗೆ ಹೋಗಿ ಇಸ್ತ್ರಿ ಮಾಡಿದ ಖಾಕಿ ತೊಟ್ಟು, ಹೆಲ್ಮೆಟ್ ಏರಿಸಿ, ಕೊರಳಿಗೆ ಸೀಟಿ ಹಾಕಿಕೊಂಡು ಬಂದು ಶೆಡ್ಡಿನ ಗೇಟಿಗೆ ನಿಂತ. ನಿಂತ ಗತ್ತು ನೋಡಿ ಶೌಕತನಿಗೆ ಅರ್ಧ ಜೀವ ಬಂತು.

ಬಂದ ಅರ್ಧವೂ ಶಿವಯೋಗಿಯ ಭಾವಮೈದುನ ಬಂದಾಗ ಹೋಯಿತು. ಚೀಲದಲ್ಲಿ ಕೆಂಪು, ನೀಲಿ ಹೆಲ್ಮೆಟ್ಟುಗಳೇನೋ ಇದ್ದವು; ಜೊತೆಗೆ ಕೇಳದಿದ್ದರೂ ಲೈಫ್ ಜಾಕೆಟ್ಟುಗಳೂ ಇದ್ದವು. ಸೇಫ್ಟಿ ಅಂದಮೇಲೆ ಎಲ್ಲವೂ ಬೇಕು ಎಂದು ಶಿವಯೋಗಿ ತಾನೇ ಮುಂದೆ ನಿಂತು ರಸ್ತೆಯ ಬದಿಯಲ್ಲೇ ಮೂವರು ಕೆಲಸಗಾರರಿಗೂ ತೊಡಿಸಿದ. ಜ್ಯೋತಿಬಾ ಬಾತುಕೋಳಿಯಂತೆ ಎದೆ ಉಬ್ಬಿಸಿಕೊಂಡು ನಿಂತ. ಶೌಕತನ ಮಗಳು ಇಶ್ರತ ಶಾಲೆಗೆ ಹೋಗುತ್ತಿದ್ದವಳು ನಿಂತು ನಕ್ಕೇ ನಕ್ಕಳು. ಸಿರಾಜುನ್ನಿಸಾ ಮಾತ್ರ ನಗದೆ ತನ್ನ ತಮ್ಮನ ಹಾರ್ಡ್‌ವೇರ್ ಅಂಗಡಿಯಿಂದ ಬೂಟು, ಕನ್ನಡಕ, ಕೈಗವಸು ಹೊತ್ತು ತಂದು ಒಬ್ಬೊಬ್ಬರಿಗೂ ಹಾಕಿಸಿದಳು. ಗಂಡನ ಅಳತೆಯ ಬೂಟು ಮಾತ್ರ ಅಲ್ಲಿ ಇರಲಿಲ್ಲ.

ಮೂವರೂ ಶೆಡ್ಡಿನೊಳಗೆ ಹೋದರು; ಲೈಫ್ ಜಾಕೆಟ್ ಬಿಚ್ಚಿಸಲು ಶೌಕತ ಹಿಂದೆಯೇ ಗೇಟಿನ ಕಡೆ ಓಡಿದ. ಜೋರಾಗಿ ಸೀಟಿ ಕೂಗಿತು.

“ನಿಲ್ರಿ! ಕಾಲಾಗ ಚಪ್ಪಲಿ, ತಲಿ ಬೋಳು. ಒಳಗ ಬಿಡಂಗಿಲ್ಲ.”

“ಕಾಕಾ, ನಾ ಮಾಲಕ!”

“ಕಬ್ಬಿಣ ತಲಿ ಮ್ಯಾಲ ಬೀಳುವಾಗ ಮಾಲಕ ಯಾರು ಅಂತ ಕೇಳತೈತೇನು?”

ಅಷ್ಟರಲ್ಲಿ ಬಿಳಿ ಕಾರು ಬಂದು ನಿಂತಿತು. ನಿರ್ಮಲಾ ಮೇಡಮ್ ಇಳಿದರು. ಹೆಗಲಿಗೆ ಬ್ಯಾಗು, ಕಾಲಿಗೆ ತೆಳ್ಳನೆಯ ಸ್ಯಾಂಡಲ್ಲು. ಶೌಕತ ಕೈ ಮುಗಿದು “ಬರ್ರಿ ಮೇಡಮ್, ಒಳಗ ಬರ್ರಿ” ಎಂದು ದಾರಿ ಬಿಟ್ಟ.

ಸೀಟಿ ಮತ್ತೆ ಕೂಗಿತು.

“ಮೇಡಮ್ಮರ, ಬೂಟು, ಹೆಲ್ಮೆಟ್ ಇಲ್ಲದ ಒಳಗ ಬಿಡಂಗಿಲ್ರಿ.”

ಶೌಕತ ಕಾಕಾನ ಕಿವಿಯ ಹತ್ತಿರ ಬಾಗಿದ. “ಕಾಕಾ, ತಪಾಸಣಿಗೆ ಬಂದವರಿವರು!” ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದ.

“ತಪಾಸಣಿ ಮಾಡವರಿಗೇನು ಕಬ್ಬಿಣದ ಕಾಲು ಅದಾವೇನು?” ಮಲಕಪ್ಪ ಪಿಸುಗುಟ್ಟಲಿಲ್ಲ, ಚಾದಂಗಡಿಗೂ ಕೇಳುವಂತೆ ಹೇಳಿದ.

ಶೆಡ್ಡಿಗೆ ಬೀಗ ಬಿದ್ದೇಬಿಟ್ಟಿತು ಎಂದು ಶೌಕತ ಕಣ್ಣು ಮುಚ್ಚಿದ. ತೆರೆದಾಗ ಮೇಡಮ್ ಕಾರಿನ ಡಿಕ್ಕಿ ತೆಗೆದು ಬೂಟು, ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದರು. ಮುಖದಲ್ಲಿ ಸಿಟ್ಟಿರಲಿಲ್ಲ, ನಗುವಿತ್ತು.

“ಎಷ್ಟೋ ಕಾರ್ಖಾನಿ ನೋಡೇನಿ. ಎಲ್ಲಾರೂ ಹಾರ ಹಿಡಕೊಂಡು ನಿಂತಿರ್ತಾರ. ಗೇಟಿನಾಗ ನನ್ನನ್ನ ತಡದವರು ಇವರೊಬ್ಬರ. ನಾ ಬೇಕಂತನ ಸ್ಯಾಂಡಲ್ ಹಾಕ್ಕೊಂಡು ಇಳೀತೇನಿ, ಯಾರು ತಡೀತಾರ ನೋಡೂಣು ಅಂತ.”

ಮೇಡಮ್ ಒಳಗೆ ಹೋದರು, ಹಿಂದೆಯೇ ಮಲಕಪ್ಪ. ಚಪ್ಪಲಿಯ ಶೌಕತ ತನ್ನದೇ ಶೆಡ್ಡಿನ ಹೊರಗೆ ತಗಡಿನ ಸಂದಿಗೆ ಕಣ್ಣಿಟ್ಟು ನಿಂತ. ಒಳಗಿನಿಂದ ಪ್ರಶ್ನೆ ಕೇಳಿಸಿತು.

“ಈ ಲೈಫ್ ಜಾಕೆಟ್ ಯಾಕ್ರಿ?”

ಜ್ಯೋತಿಬಾ ಮುಷರಫನನ್ನು ನೋಡಿದ. ಮುಷರಫ ಆತಿಫನನ್ನು ನೋಡಿದ. ಉತ್ತರ ಕೊಟ್ಟವನು ಮಲಕಪ್ಪ.

“ಮಚಾನು, ತೂಗುಸೇತುವಿ ಕೂಡಿಸೂದು ಹೊಳಿ ಮ್ಯಾಲಲ್ರಿ ಮೇಡಮ್ಮರ. ಅಲ್ಲಿ ಹೋಗಿ ರೂಢಿ ಮಾಡ್ಕೊಂತೇನಿ ಅಂದ್ರ ಆಗೂದಿಲ್ಲ. ಇಲ್ಲೇ ಹಾಕ್ಕೊಂಡು ಕೈ ಆಡಸೂದು ಕಲೀಲಿ ಅಂತ.”

ಮೇಡಮ್ ಜ್ಯೋತಿಬಾನ ಜಾಕೆಟ್ಟಿನ ಪಟ್ಟಿ ತಾವೇ ಬಿಗಿ ಮಾಡಿ, “ಶಾಬ್ಬಾಸ್” ಎಂದರು.

ಪಾಸು! ಮೇಡಮ್ ಅಲ್ಲಿಂದಲೇ ಸಚಿನನಿಗೆ ಫೋನು ಹಚ್ಚಿ, “ಈ ಆಫೀಸರ್ ಇರೂ ತನಕ ಕಣ್ಣು ಮುಚ್ಚಿ ಕೆಲಸ ಕೊಡ್ರಿ” ಎಂದರು. ಕಾರು ಹೊರಟಿದ್ದೇ ತಡ, ಬೀದಿಗೆ ಹಬ್ಬ ಬಂತು. ಶಿವಯೋಗಿ ಮಿರ್ಚಿ ಭಜಿ ಕರಿದು ಹಂಚಿದ, ಐಡಿಯಾ ತನ್ನದೆಂದು ಎಲ್ಲರಿಗೂ ಹೇಳಿದ. ಜ್ಯೋತಿಬಾ ಗೋವಾದ ಗೆಳೆಯನಿಗೆ ಫೋನು ಮಾಡಿ ಬರುವುದಿಲ್ಲವೆಂದ. ಸಿರಾಜುನ್ನಿಸಾ ಗಂಡನ ಕಡೆ ನೋಡಿ ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಳು. ಶೌಕತನ ಕಣ್ಣು ತುಂಬಿ ಬಂದವು. ಮಂಚಕ್ಕೆ ಒಂದಲ್ಲ, ನಾಲ್ಕೂ ಹೊಸ ಕಾಲು ಹಾಕಿಸಿದ. ಕಾಕಾನನ್ನು ಕಾಯಂ ಮಾಡಿಕೊಳ್ಳಬೇಕು, ನಾಳೆ ಬೆಳಿಗ್ಗೆಯೇ ಕಾಗದ ಬರೆಸಬೇಕು ಎಂದು ಮನಸ್ಸಿನಲ್ಲೇ ಠರಾಯಿಸಿದ.

ಸಂಜೆ ಸಚಿನ ಆರ್ಡರ್ ಹಿಡಿದುಕೊಂಡು ತಾನೇ ಬಂದ. ಅರ್ಧ ಚಡ್ಡಿ, ಚಪ್ಪಲಿ. ಸೀಟಿ ಕೂಗಿತು.

“ಒಳಗ ಬಿಡಂಗಿಲ್ರಿ.”

ಈ ಸಲ ಶೌಕತ ಹೆದರಲಿಲ್ಲ, ಎದೆಯುಬ್ಬಿಸಿ ನಿಂತ. “ನೋಡ್ರಿ ಸಾಹೇಬ್ರ, ಹೆಂಗದಾರ ನಮ್ಮ ಆಫೀಸರ್ರು!”

ಸಚಿನ ಮಲಕಪ್ಪನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. “ಇಂಥಾ ಮನಷ್ಯಾನ್ನ ಹುಡುಕಿ ಹುಡುಕಿ ಸಾಕಾಗಿತ್ರಿ ನನಗ. ನಮ್ಮ ರೆಸಾರ್ಟಿಗೆ ಬರ್ತೀರೇನ್ರಿ? ಇರಾಕ ರೂಮು, ಊಟ, ಓಡಾಡಾಕ ಜೀಪು. ಇಲ್ಲಿ ನೋಟಿಸು ಎಷ್ಟು ದಿನದ್ದು ಕೊಡಬೇಕು?”

ಮಲಕಪ್ಪ ಶೌಕತನ ಕಡೆ ತಿರುಗಿದ. ಪಾಪ, ಅವನ ದನಿಯಲ್ಲಿ ಒಂದಿಷ್ಟೂ ಕುಹಕವಿರಲಿಲ್ಲ.

“ಆರ್ಡರ್ ಕಾಪಿನ ಕೊಟ್ಟಿಲ್ರಿ ಇವರು. ಕಾಗದ ಇಲ್ಲದವಗ ನೋಟಿಸು ಎಲ್ಲೀದ್ರಿ? ಈಗ ನಡೀರಿ ಅಂದ್ರ ಈಗ ನಡದೆ.”

“ಕಾಕಾ! ನಾಳೆ ಮುಂಜಾನೆನ ಕೊಡಾಂವ ಇದ್ದೆ!”

“ನಾ ಇವತ್ತ ಮುಂಜಾನೆನ ಕೇಳಿದ್ನಲ್ಲಪಾ.”

ಸಚಿನ ಅಲ್ಲಿಯೇ ತನ್ನ ಜೀಪಿನ ಬಾನೆಟ್ಟಿನ ಮೇಲೆ ಕಾಗದ ಬರೆದು, ಸಹಿ ಹಾಕಿ, ಮಲಕಪ್ಪನ ಕೈಗಿಟ್ಟ. ಮಲಕಪ್ಪ ಅದನ್ನು ಎರಡು ಸಲ ಓದಿ ಕಿಸೆಗಿಟ್ಟುಕೊಂಡ. ಗೇಟು ದಾಟಿ ಹೊರಗೆ ಬಂದ, ಹೆಲ್ಮೆಟ್ ಸರಿಮಾಡಿಕೊಂಡ, ಶೌಕತನಿಗೆಂದು ತಂದಿದ್ದ ಆರ್ಡರನ್ನು ಸಚಿನನ ಕೈಯಿಂದ ಮೆಲ್ಲಗೆ ತೆಗೆದುಕೊಂಡ.

“ತಡೀರಿ ಸಾಹೇಬ್ರ. ಕೊಡೂಕಿಂತ ಮೊದ್ಲ ಒಂದು ಮಾತು ಕೇಳಬೇಕಾಗತೈತಿ, ಈಗ ಇದು ನನ್ನ ಡ್ಯೂಟಿ.”

ಶೌಕತನತ್ತ ತಿರುಗಿ ಕೇಳಿದ.

“ಶೌಕತಭಾಯ್, ನಿಮ್ಮ ಶೆಡ್ಡಿನ ಸೇಫ್ಟಿ ಆಫೀಸರ್ ಎಲ್ಲಿ ಅದಾರ್ರಿ?”