ಸೋದರಮಾವ ಲಘು-ಗುರು ಹಾಕಿದ ಫ್ರೆಂಚ್

ಫ್ರೆಂಚನ್ನು ಒಮ್ಮೆಯೂ ಕಿವಿಯಲ್ಲಿ ಕೇಳದೆ ಕಲಿತವರು ಮುಂಬಯಿಯಲ್ಲಿ ಒಬ್ಬರೇ ಇದ್ದರು. ಅವರು ನನ್ನ ಸೋದರಮಾವ. ವಡಾಲದ ಚಾಳಿನಲ್ಲಿ ಅವರ ಜೊತೆಗೇ ಇದ್ದ ನನಗೆ ಈ ಹೆಮ್ಮೆಯಿಂದ ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ.

ಕೆಲಸಕ್ಕೆಂದು ಪಾಂಡಿಚೇರಿಗೆ ಹೋದ ಅವರ ಮಗ ಅಲ್ಲಿಯ ಹುಡುಗಿಯನ್ನೇ ಮದುವೆಯಾಗಿದ್ದ. ಮಾವ ಮದುವೆಗೂ ಹೋಗಲಿಲ್ಲ, ಆರು ವರ್ಷ ಕಾಗದವನ್ನೂ ಬರೆಯಲಿಲ್ಲ. ಕೊನೆಗೆ ಮಗನೇ ಬರೆದ: ದೀಪಾವಳಿಗೆ ಮಗಳನ್ನು ಮಾತ್ರ ಕರೆದುಕೊಂಡು ಬರುತ್ತೇನೆ, ಐದು ವರ್ಷ, ತಾಯಿಯ ಫ್ರೆಂಚ್ ಬಿಟ್ಟರೆ ಅವಳಿಗೆ ಬೇರೆ ಮಾತು ಬಾರದು. ಮೊಮ್ಮಗಳ ಜೊತೆ ಮಾತಾಡಲೇಬೇಕೆಂದು ಮಾವ ಫುಟ್‌ಪಾತಿನಲ್ಲಿ ಒಂದು ಹಳೆಯ ಫ್ರೆಂಚ್ ವ್ಯಾಕರಣ ಹುಡುಕಿ ತಂದರು. ‘ಬಾ, ಕೂತ್ಕೋ’ ಎನ್ನುವುದನ್ನು ಕಲಿಯಬಾರದಿತ್ತೇ? ದೊಡ್ಡದು ಬಂದರೆ ಚಿಕ್ಕದು ತಾನಾಗಿ ಬರುತ್ತದೆಂದು ಪುಸ್ತಕದ ಅತಿ ಉದ್ದದ ಕ್ರಿಯಾಪದವನ್ನೇ ಹಿಡಿದರು. ಅರ್ಥ, ‘ನಾವು ಮತ್ತೆ ಆರಂಭಿಸಿಯೇವು’ ಎಂದು. ಐದು ವರ್ಷದ ಮಗುವಿಗೆ ಎಷ್ಟು ಉಪಯುಕ್ತ ನೋಡಿ!

ಮಾವ ಕನ್ನಡ ಮೇಷ್ಟರು. ಹಾಗಾಗಿ ಪದದ ನೆತ್ತಿಯ ಮೇಲೆ ಲಘು-ಗುರು ಹಾಕಿ, ತೊಡೆ ತಟ್ಟುತ್ತಾ ಓದುತ್ತಿದ್ದರು: “ರೆ-ಕೊಮ್-ಮೆನ್-ಸೆ-ರಿ-ಯೋನ್ಸ್.” ಹಾರ್ಬರ್ ಲೈನಿನ ಲೋಕಲ್‌ನಲ್ಲಿ ಎದುರು ಕೂತ ಗುಜರಾತಿ ಮುದುಕರೊಬ್ಬರು ಇದು ಯಾವ ದೇವರ ಸ್ತೋತ್ರವೆಂದು ವಿಚಾರಿಸಿ ಕೈಮುಗಿದರು. ಮಾವ ಆಶೀರ್ವಾದ ಮಾಡಿದರು. ಉಡುಪಿ ಹೋಟೆಲಿನ ಭಟ್ಟರು, “ಎಂತ ಮಾಷ್ಟ್ರೇ, ಹೊಟ್ಟೆ ಸರಿ ಇಲ್ವಾ?” ಎಂದು ಕೇಳಿ, ಆರ್ಡರ್ ಕೊಡುವ ಮೊದಲೇ ಶುಂಠಿ ಕಷಾಯ ತಂದಿಟ್ಟರು. ಮಾವ ಅದನ್ನೂ ಕುಡಿದರು.

ಪಕ್ಕದ ಖೋಲಿಯಲ್ಲಿದ್ದ ಗೋವಾದ ಟೈಪಿಸ್ಟರಿಗೆ ಸ್ವಲ್ಪ ಫ್ರೆಂಚ್ ಬರುತ್ತಿತ್ತು. ಕೊನೆಯ ಅಕ್ಷರಗಳನ್ನು ಫ್ರೆಂಚರು ಉಚ್ಚರಿಸುವುದಿಲ್ಲ ಎಂದು ಮೆಲ್ಲಗೆ ತಿದ್ದಲು ನೋಡಿದರು. ಮೂವತ್ತು ವರ್ಷ ಊರವರ ತಪ್ಪಿಗೆ ಕೆಂಪು ಶಾಯಿ ಹಾಕಿದ ಮನುಷ್ಯ ಒಪ್ಪಿಯಾರೇ? ಬರೆದದ್ದನ್ನು ಓದದೆ ಬಿಡುವುದು ಸೋಮಾರಿತನ ಎಂದುಬಿಟ್ಟರು. ಮಾವ ತಪ್ಪೊಪ್ಪಿಕೊಂಡದ್ದನ್ನು ನಾನಂತೂ ಕಂಡಿರಲಿಲ್ಲ.

ಬೋರಿಬಂದರಿಗೆ ಮದರಾಸ್ ಮೇಲ್ ಬಂತು. ಮಗ ಇಳಿದ, ಮಗು ಅವನ ಕಾಲಿನ ಹಿಂದೆ. ಅಪ್ಪ-ಮಗ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಾವ ಪ್ಲಾಟ್‌ಫಾರ್ಮಿನ ಮೇಲೇ ಕುಕ್ಕರಗಾಲಲ್ಲಿ ಕೂತು, ತೊಡೆ ತಟ್ಟಿ, ಒಂದಕ್ಷರ ಬಿಡದೆ ಒಪ್ಪಿಸಿದರು.

ಮಗು ಹುಬ್ಬು ಗಂಟಿಕ್ಕಿತು. “ರಕೊಮಾಂಸರಿಯೊಂ” ಎಂದು ತಿದ್ದಿತು.

ನಾನು ಕಣ್ಣು ಮುಚ್ಚಿಕೊಂಡೆ. ಆದರೆ ಮಾವ ಕಲಿಯುವ ಹುಡುಗನ ಹಾಗೆ ಅವಳು ಹೇಳಿದಂತೆಯೇ ಹೇಳಲು ನೋಡಿದರು. ತಪ್ಪಿತು. ಅವಳು ಮತ್ತೆ ತಿದ್ದಿದಳು. ಮೂರನೆಯ ಸಲಕ್ಕೆ ಸರಿಯೆಂದು ತಲೆಯಾಡಿಸಿ, ತನ್ನ ಕೈಯನ್ನು ಅವರ ಕೈಗೆ ಕೊಟ್ಟಳು.

ಆ ಕೈ ಹಿಡಿದುಕೊಂಡೇ ಮಾವ ತಲೆಯೆತ್ತಿ ಮಗನನ್ನು ನೋಡಿದರು. “ನಿನ್ನ ಮದುವೆಗೆ ನಾನು ಬರಬೇಕಿತ್ತು ಕಣೋ. ತಪ್ಪು ನಂದೇ. ಮುಂದಿನ ಸಲ ಸೊಸೇನೂ ಕರ್ಕೊಂಡ್ ಬಾ” ಎಂದರು.

ಮಗ ಟ್ರಂಕನ್ನು ಕೆಳಗಿಟ್ಟು, “ಏಳಪ್ಪ, ಕಾಲು ನೋಯತ್ತೆ” ಎಂದು ತೋಳು ಹಿಡಿದು ಎಬ್ಬಿಸಿದ.