ಬಾವಿಗಿಳಿದ ನಾಲ್ಕು ಸೀಮೆ

ನಮ್ಮ ಮಾವನ ಪಾಸ್‌ಪೋರ್ಟಿನ ಅವಧಿ ಮುಗಿದು ಎಷ್ಟೋ ವರ್ಷಗಳಾದವು. ಆದರೆ ಅವರ ನಾಲಿಗೆ ಮಾತ್ರ ಇನ್ನೂ ದೇಶ ಸುತ್ತುತ್ತಲೇ ಇದೆ. ಕಾರವಾರದ ಕೋಡಿಬಾಗದ ಮನೆಯ ಜಗಲಿಯಲ್ಲಿ ಲುಂಗಿ ಉಟ್ಟು ಕೂತಲ್ಲಿಂದಲೇ ಅದು ಫ್ರಾನ್ಸಿಗೆ ಹೋಗುತ್ತದೆ, ಚಿಲಿಯಲ್ಲಿ ಇಳಿಯುತ್ತದೆ, ಬಂಗಡೆ ಸಾರು ಕುದಿಯುವ ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತದೆ. ಅದಕ್ಕೆ ವೀಸಾ ಕೊಡುವ, ಕೊಡದಿರುವ ಅಧಿಕಾರ ಇರುವುದು ಒಬ್ಬರಿಗೇ: ನಮ್ಮ ಅತ್ತೆಗೆ!

ಮಾವ ಎಂದರೆ ನನ್ನ ಅಪ್ಪನ ಅಕ್ಕನ ಗಂಡ. ಇಪ್ಪತ್ತೇಳು ವರ್ಷ ಹಡಗಿನಲ್ಲಿದ್ದವರು. ಪ್ರಯಾಣಿಕರ ಊಟದ ಕೋಣೆಯಲ್ಲಿ ಬಿಳಿ ಕೋಟು ಹಾಕಿ, ಯಾವ ಮೀನಿಗೆ ಯಾವ ವೈನು ಎಂದು ದೊರೆಗಳಿಗೆ ಹೇಳಿ ಬಗ್ಗಿಸಿ ಕೊಡುವ ಕೆಲಸ. ಕೊನೆಯ ಹನ್ನೊಂದು ವರ್ಷವಂತೂ ಪೋರ್ಚುಗಲ್ಲಿನ ಲಿಸ್ಬನ್ನಿನಿಂದ ಹೊರಡುವ ಒಂದೇ ಹಡಗು. ನಾನು ಅಂಕೋಲೆಯಿಂದ ಬಂದು ಕಾರವಾರದಲ್ಲಿ ಕಾಲೇಜು ಓದುತ್ತಿದ್ದ, ಅಥವಾ ಓದುತ್ತಿದ್ದೇನೆಂದು ಊರಿಗೆಲ್ಲ ಹೇಳಿಕೊಂಡಿದ್ದ ಕಾಲದಲ್ಲಿ, ಇವರ ಮನೆಯಲ್ಲೇ ಮೂರು ವರ್ಷ ಉಂಡುಕೊಂಡಿದ್ದೆ. ಮಿಸ್ಡ್ ಕಾಲ್ ಕೊಡುವುದೇ ಪ್ರೇಮದ ಪರಮಾವಧಿಯಾಗಿದ್ದ ದಿನಗಳು. ನನಗೆ ಬರುತ್ತಿದ್ದ ವಿದ್ಯೆ ಒಂದೇ, ಅಣಕ. ಬಸ್ಸಿನ ಕಂಡಕ್ಟರ್, ಕಾಲೇಜಿನ ಪ್ರಿನ್ಸಿಪಾಲ್, ಮೀನು ಮಾರುವ ಅಕ್ಕಂದಿರು, ಯಾರನ್ನೂ ಬಿಟ್ಟವನಲ್ಲ. ಬೇರೆಯವರ ದನಿ ತೆಗೆದೂ ತೆಗೆದೂ ನನ್ನ ಸ್ವಂತ ದನಿ ಯಾವುದೆಂದು ನನಗೇ ಅನುಮಾನ. ಮನೆಗೆ ಫೋನ್ ಮಾಡಿದರೆ ಅಮ್ಮ "ಈಗ ಮಾತಾಡ್ತಿರೋದು ಯಾರು?" ಎಂದೇ ಶುರು ಮಾಡುತ್ತಿದ್ದಳು.

ಇಂಥವನಿಗೆ ಮಾವನಂಥ ಮನುಷ್ಯ ಸಿಕ್ಕರೆ ಬಿಡುವುದುಂಟೇ?

ಮಾವನ ಮೊದಲ ವಿಶೇಷವೆಂದರೆ ಅವರು ಕುಡಿಯುವುದಿಲ್ಲ, ಉಗುಳುತ್ತಾರೆ. ಹಳೆಯ ಹಡಗಿನ ಗೆಳೆಯರು ಯಾರಾದರೂ ಗೋವೆಗೆ ಬಂದಾಗ ಬಾಟಲಿ ಕೊಟ್ಟರೆ, ಒಂದು ಗುಟುಕು ಬಾಯಿಗೆ ಹಾಕಿ, ಎಡಕ್ಕೂ ಬಲಕ್ಕೂ ತಿರುಗಿಸಿ, ಕಣ್ಣು ಮುಚ್ಚಿ, ಆಮೇಲೆ ಅಂಗಳದ ತೆಂಗಿನ ಮರದ ಬುಡಕ್ಕೆ ಪಿಚಕ್ಕನೆ ಬಿಡುತ್ತಾರೆ. ರುಚಿ ನೋಡುವವರ ಪದ್ಧತಿಯೇ ಅದಂತೆ. ಬೇಲಿಯಾಚೆಯ ನಿವೃತ್ತ ಮಾಸ್ತರರು ಇದನ್ನು ಮೊದಲ ಸಲ ನೋಡಿದಾಗ ಕನ್ನಡಕ ತೆಗೆದು ಒರೆಸಿಕೊಂಡರು. ಕುಡಿದು ಹಾಳಾದವರನ್ನು ಈ ಊರು ಬೇಕಾದಷ್ಟು ಕಂಡಿದೆ. ಹಾಳಾಗದೇ ಇರಲು ಇಷ್ಟು ಬೆಲೆಯ ಸಾಮಾನು ಖರ್ಚು ಮಾಡುವವನನ್ನು ಯಾರು ಕಂಡಿದ್ದರು? ಆ ಮರದ ಎಳನೀರು ಕುಡಿದವರಿಗೆ ನಡಿಗೆ ಸ್ವಲ್ಪ ವಾಲುತ್ತದೆ ಎಂಬ ಸುದ್ದಿಯನ್ನು ಹಬ್ಬಿಸಿದವನು ನಾನೇ.

ಎರಡನೆಯ ವಿಶೇಷ, ಅವರು ವೈನಿನ ರುಚಿ ಹೇಳುವ ರೀತಿ. ಜಗತ್ತಿನ ಯಾವ ಮೂಲೆಯ ದ್ರಾಕ್ಷಿಯೇ ಇರಲಿ, ಅದು ಉತ್ತರ ಕನ್ನಡ ಜಿಲ್ಲೆಯ ಗಡಿ ದಾಟುವಂತಿಲ್ಲ. ಫ್ರಾನ್ಸಿನದು "ಮಳೆ ಬಿದ್ದ ಮಾರನೇ ದಿನ ಹಿಲ್ಲೂರು ಕಾಡಿಗೆ ಹೊಕ್ಕಂಗೆ". ಚಿಲಿಯದು "ಹಸಿ ಗೇರುಬೀಜ ಒಡೆದ ಕೈ". ಪೋರ್ಚುಗಲ್ಲಿನದು "ಹಳೇ ದೋಣಿಯ ಹಲಗೆ, ಬಿಸಿಲಿಗೆ ಕಾದದ್ದು, ಅದರ ಮೇಲೆ ಯಾರೋ ಬೆಲ್ಲ ಚೆಲ್ಲಿದ್ದಾರೆ". ನಾಸಿಕದ್ದರ ಬಗ್ಗೆ ಕೇಳಿದರೆ ನನ್ನನ್ನೇ ನೋಡಿ ನಗುತ್ತಿದ್ದರು. "ಇದು ಇನ್ನೂ ಕಾಲೇಜಿಗೆ ಹೋಗೋ ಹುಡುಗ, ತಮಾ. ನಿನ್ನಂಗೆ. ಮೂಗಿನ ಹತ್ರ ಬರುಕ್ಕಿಲ್ಲ, ಮಾತಾಡುಕೆ ಶುರು."

ಒಂದು ದಿನ ಕೇಳಿಯೇ ಬಿಟ್ಟೆ, ಫ್ರಾನ್ಸಿನ ವೈನು ಹಿಲ್ಲೂರಿನಂತೆ ಇರುವುದಾದರೆ ಅಷ್ಟು ದೂರ ಯಾಕೆ ಹೋಗಬೇಕಿತ್ತು, ಅಂಕೋಲೆಯಿಂದ ಬಸ್ಸಿತ್ತಲ್ಲ ಎಂದು. ಮಾವ ನಗಲಿಲ್ಲ.

"ಮತ್ತೆ ಎಂಥದ್ರಂಗೆ ಹೇಳುದು? ನಾ ಫ್ರಾನ್ಸ್ ನೋಡ್ಲಿಲ್ಲ ತಮಾ. ಬಂದರು ನೋಡಿದೆ, ಅಷ್ಟೇ. ಇಪ್ಪತ್ತೇಳು ವರ್ಷದಲ್ಲಿ ಒಂದೇ ಒಂದು ದ್ರಾಕ್ಷಿ ತೋಟ ನೋಡ್ಲಿಲ್ಲ. ಗ್ಲಾಸಲ್ಲಿ ಎಷ್ಟು ಕಂಡಿತೋ ಅಷ್ಟೇ ದೇಶ."

ಆ ದನಿಯನ್ನೂ ನಾನು ಕಲಿತುಕೊಂಡೆ. ಕಲಿಯಬಾರದಿತ್ತು.

ಏಕೆಂದರೆ ಮಾವನಿಗೆ ಮೂರನೆಯ ವಿಶೇಷವೂ ಒಂದಿತ್ತು, ಮತ್ತು ಅದು ಅತ್ತೆಯ ಸೃಷ್ಟಿ. ನನ್ನ ಅಜ್ಜ, ಅಂದರೆ ಅತ್ತೆಯ ಅಪ್ಪ, ಶೇಂದಿಯಲ್ಲಿ ಒಂದು ಇಡೀ ದೋಣಿಯನ್ನು ಕರಗಿಸಿ ಕುಡಿದವರು. ಬಲೆ ಉಳಿಯಿತು, ದೋಣಿ ಹೋಯಿತು. ಅಂಥ ಮನೆಯ ಮಗಳು ತನ್ನ ಗಂಡ ಹಡಗಿನಲ್ಲಿ ವೈನ್ ಬಗ್ಗಿಸುತ್ತಾನೆಂದು ಯಾವ ಬಾಯಿಂದ ಹೇಳಬೇಕು? ಮದುವೆಯಾದ ಹೊಸತರಲ್ಲಿ ಯಾರೋ ಕೇಳಿದಾಗ ಅತ್ತೆ "ಎಂಜಿನ್ ಕಡೆ" ಎಂದುಬಿಟ್ಟರಂತೆ. ಅಲ್ಲಿಂದ ಇಪ್ಪತ್ತೇಳು ವರ್ಷ ಮಾವ ಎಂಜಿನ್ ಕಡೆಯವರೇ. ನಾನು ಆ ಮನೆಗೆ ಕಾಲಿಟ್ಟ ಮೊದಲ ವಾರವೇ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು, ಗೇಟಿನ ಒಳಗೆ ಏನೇ ಇರಲಿ, ಗೇಟಿನ ಹೊರಗೆ ಎಂಜಿನ್ ಎಂದು ಆಣೆ ಮಾಡಿಸಿಕೊಂಡಿದ್ದರು.

ಇದರ ಫಲವೇನು? ಕೋಡಿಬಾಗದಲ್ಲಿ ಯಾರ ಮನೆಯ ಮಿಕ್ಸರ್ ಕೆಟ್ಟರೂ, ಯಾರ ಸ್ಕೂಟರ್ ಕೆಮ್ಮಿದರೂ ಮಾವನಿಗೇ ಕರೆ. ಹೆಂಡತಿಯ ಮಾತು ಉಳಿಸಲು ಮಾವ ಹೋಗುತ್ತಿದ್ದರು. ಸ್ಪ್ಯಾನರ್ ಹಿಡಿದರೆ ಬಾಟಲಿಯ ಬಿರಡೆ ತೆಗೆಯುವವರ ಹಾಗೆ ಹಿಡಿಯುತ್ತಿದ್ದರು. ಹಾಗೊಮ್ಮೆ ಬೇಸಿಗೆಯಲ್ಲಿ ಮಾಸ್ತರರ ಪಂಪು ಉಪ್ಪುನೀರು ಎಳೆಯತೊಡಗಿತು. ಮಾವ ಹೋದರು. ಪಂಪಿನ ಸುತ್ತ ಪ್ರದಕ್ಷಿಣೆ ಹಾಕಿದರು. ಎಲ್ಲಿ ಬಿಚ್ಚಬೇಕೆಂದು ತಿಳಿಯದೆ, ಕೊನೆಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದರು: ಬೊಗಸೆ ನೀರು ಬಾಯಿಗೆ ಹಾಕಿ, ಎಡಕ್ಕೆ, ಬಲಕ್ಕೆ, ಪಿಚಕ್! ಒಂದು ನಿಮಿಷ ಕಣ್ಣು ಮುಚ್ಚಿ ನಿಂತು, ಬಾವಿಯ ಅಡಿಯಲ್ಲಿ ಕಾಳಿ ನದಿಯ ಉಪ್ಪುನೀರು ಬಂದು ಕೂತಿದೆ, ಸಿಹಿನೀರು ಮೇಲೆ ತೆಳ್ಳಗೆ ತೇಲುತ್ತಿದೆ, ಪೈಪನ್ನು ಎರಡು ಮೊಳ ಮೇಲೆತ್ತಿ ಎಂದರು. ಎತ್ತಿದರು. ನೀರು ಸಿಹಿಯಾಯಿತು. ಎಂಜಿನ್ನಿನ ಎದೆಬಡಿತವನ್ನು ನಾಲಿಗೆಯಲ್ಲಿ ತಿಳಿಯುವ ಮಹಾ ಎಂಜಿನಿಯರ್ ಎಂದು ಮಾಸ್ತರರು ನಾಲ್ಕು ಮನೆಗೆ ಹೇಳಿ ಬಂದರು.

ಹೀಗೆ ಎಲ್ಲರೂ ಸುಖವಾಗಿದ್ದಾಗ ಹಬ್ಬುವಾಡದ ನೆಂಟರ ಮನೆಯಲ್ಲಿ ಒಂದು ನಿಶ್ಚಿತಾರ್ಥ ಬಂತು. ಬಂದವರಿಗೆಲ್ಲ ಕೋಕಂ ಶರಬತ್ತು ಕೊಟ್ಟರು. ಕೆಂಪು ಬಣ್ಣ, ಗಾಜಿನ ಲೋಟ, ಎದುರಿಗೆ ಮೂವತ್ತು ಜನ. ನನ್ನಂಥವನಿಗೆ ಇನ್ನೇನು ಬೇಕು? ಲೋಟವನ್ನು ಬೆಳಕಿಗೆ ಹಿಡಿದೆ, ತಿರುಗಿಸಿದೆ, ಮೂಗು ತೂರಿಸಿದೆ. "ಹಿಲ್ಲೂರು. ಕಾಡಿನ ಬಲಗಡೆ ಇಳಿಜಾರು. ಮರ ಹತ್ತಿದವನು ಬೀಡಿ ಸೇದಿದ್ದಾನೆ" ಎಂದು ಮಾವನ ದನಿಯಲ್ಲಿ ಹೇಳಿ ಹೂವಿನ ಕುಂಡಕ್ಕೆ ಉಗುಳಿದೆ. ಜನ ಬಿದ್ದು ಬಿದ್ದು ನಕ್ಕರು. ಮಾವನೂ ನಕ್ಕರು. ಎಲೆ ಅಡಿಕೆ ಹಾಕಿಕೊಂಡಿದ್ದ ದೂರದ ನೆಂಟರೊಬ್ಬರು ಮಾತ್ರ, ಎಂಜಿನ್ ಕೋಣೆಯಲ್ಲಿ ಇದನ್ನೆಲ್ಲ ಕಲಿಸುತ್ತಾರೇನು ಎಂದು ಕೇಳಿದರು. ಚಪ್ಪಾಳೆಯ ಅಮಲು ಕೋಕಂನಲ್ಲೂ ಏರುತ್ತದೆ, ನೋಡಿ. "ಎಂಜಿನ್ ಎಲ್ಲಿಂದ ಬಂತು? ಮಾವ ವೈನ್ ಕಡೆಯವರಲ್ಲವಾ!" ಎಂದೆ.

ನೆಂಟರು ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿದರು. "ಹಂಗೆ ಹೇಳು. ಗ್ಲಾಸ್ ತೊಳಿಯುದು."

ಅತ್ತೆ ಕೈಯಲ್ಲಿದ್ದ ಶರಬತ್ತಿನ ತಟ್ಟೆ ಕೆಳಗಿಟ್ಟರು.

ಆಮೇಲೆ ಸುಮಾರು ಒಂದು ತಿಂಗಳು ನನ್ನ ತಟ್ಟೆಗೆ ಇಸೋಣ ಮೀನಿನ ನಡುತುಂಡು ಬರುವುದು ನಿಂತು ಬಾಲ ಬರತೊಡಗಿತು. ಅದನ್ನು ನಾನು ತಿನ್ನಬಲ್ಲೆ. ನೋಡಲಾಗದೆ ಹೋದದ್ದು ಮಾವನ ತಟ್ಟೆ. ಅಲ್ಲಿಗೆ ನಡುತುಂಡೇ ಬರುತ್ತಿತ್ತು, ಆದರೆ ಮಾತು ಬರುತ್ತಿರಲಿಲ್ಲ. ಒಂದೇ ಒಂದು ಸಲ ಅತ್ತೆ ಕೇಳಿದ್ದು ನನ್ನ ಕಿವಿಗೆ ಬಿದ್ದಿತ್ತು: ಆ ನೆಂಟರು ಹೇಳಿದ್ದು ನಿಜವೇ, ಇಪ್ಪತ್ತೇಳು ವರ್ಷ ತಾನೊಬ್ಬಳೇ ಈ ಮನೆಯಲ್ಲಿ ಕೂತದ್ದು ಗ್ಲಾಸ್ ತೊಳೆಯುವ ಕೆಲಸಕ್ಕಾಗಿಯೇ ಎಂದು. ಮಾವನ ಬಳಿ ಉತ್ತರವಿತ್ತು. ಆದರೆ ಅದು ಬಾಯಲ್ಲಿ ಹೇಳುವ ಉತ್ತರವಾಗಿರಲಿಲ್ಲ. ಅದು ಬಾವಿಯಲ್ಲಿತ್ತು.

ಬಾವಿಯ ಕತೆ ಇದು. ಹಡಗಿನಲ್ಲಿ ಮಾವನಿಗೆ ಸಿಗುತ್ತಿದ್ದುದು ದಿನಕ್ಕೊಂದು ಬಾಟಲಿಯ ಒಂದು ಗುಟುಕು. ಬೇರೆ ಬೇರೆ ಸೀಮೆಯ ವೈನುಗಳನ್ನು ಸಾಲಾಗಿ ಇಟ್ಟು, ಯಾರ ಅವಸರವೂ ಇಲ್ಲದೆ, ಒಂದರ ಪಕ್ಕ ಒಂದು ತೂಗಿ ನೋಡಬೇಕೆಂಬುದು ಅವರ ಬಹುಕಾಲದ ಆಸೆ. ವರ್ಷಗಟ್ಟಲೆ ಕಾದು ನಾಲ್ಕು ಕೂಡಿಸಿದ್ದರು: ಫ್ರಾನ್ಸ್, ಪೋರ್ಚುಗಲ್, ಚಿಲಿ, ನಾಸಿಕ. ಆದರೆ ದೇವರಿರುವ ಸೂರಿನ ಕೆಳಗೆ ಬಾಟಲಿ ಕೂಡದು ಎಂಬುದು ಅತ್ತೆಯ ಕಾನೂನು. ಫ್ರಿಜ್ಜೂ ಸೂರಿನ ಕೆಳಗೇ ಇದೆಯಲ್ಲ! ಮಾವ ಯೋಚಿಸಿ, ಹಳೆಯ ಬಲೆಯ ತುಂಡಿನಲ್ಲಿ ನಾಲ್ಕನ್ನೂ ಕಟ್ಟಿ, ಏಡಿಬಲೆ ಇಳಿಸುವ ಹಾಗೆ ಬಾವಿಗೆ ಇಳಿಸಿದರು. ತಂಪು, ಕತ್ತಲೆ, ಮೇಲೆ ಸೂರಿಲ್ಲ. ಜಗತ್ತಿನ ದೊಡ್ಡ ದೊಡ್ಡ ವೈನ್ ಮನೆಗಳಲ್ಲೂ ಇಂಥ ವ್ಯವಸ್ಥೆ ಇಲ್ಲ ಎಂದು ನನಗೆ ಕಣ್ಣು ಹೊಡೆದಿದ್ದರು.

ಕಾಗದ ನೀರಿನಲ್ಲಿ ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನು ಮಾತ್ರ ಅವರು ಯೋಚಿಸಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅತ್ತೆ ನೀರು ಸೇದುತ್ತಿದ್ದವರು ಬಗ್ಗಿ ಕೊಡದೊಳಗೆ ಕೈ ಹಾಕಿದರು. ಒದ್ದೆ ಕಾಗದವೊಂದನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು ಜಗಲಿಗೆ ಬಂದರು.

"ನಿಮ್ಮ ಅರಮನೆ ಕೊಡಕ್ಕೆ ಬಂತು."

ಫ್ರಾನ್ಸಿನ ಬಾಟಲಿಯ ಮೇಲಿದ್ದ ಅರಮನೆಯ ಚಿತ್ರ! ಓಡಿ ಹೋಗಿ ಬಲೆ ಎತ್ತಿದರೆ ನಾಲ್ಕೂ ಬಾಟಲಿ ಬೋಳು. ಒಂದೇ ಆಕಾರ, ಒಂದೇ ಕಪ್ಪು, ನಾಲ್ಕೂ ಕೆಂಪು ವೈನು. ಮಾವ ಬಾವಿಕಟ್ಟೆಯ ಮೇಲೆ ಕೂತುಬಿಟ್ಟರು. ಅತ್ತೆ ಒದ್ದೆ ಅರಮನೆಯನ್ನು ಅವರ ಪಕ್ಕದಲ್ಲಿ ಕಟ್ಟೆಯ ಮೇಲಿಟ್ಟರು.

"ಹೆಸರು ಹೋದ್ರೆ ಎಂಥಾಯ್ತು? ನಾಲಿಗೆಗೆ ಗೊತ್ತಾಗುದಿಲ್ವಾ?"

ಮಾವ ತಲೆ ಎತ್ತಿದರು.

"ನಾಲ್ಕೂ ಸರಿ ಹೇಳಿ. ನಾನೇ ಹಬ್ಬುವಾಡಕ್ಕೆ ಹೋಗಿ, ಇದು ಗ್ಲಾಸ್ ತೊಳಿಯೋ ಕೆಲಸ ಅಲ್ಲ ಅಂತ ಅವನ ಎದುರು ಹೇಳಿ ಬರ್ತೆ."

ಹೇಳಿದ್ದಷ್ಟೇ ಅಲ್ಲ, ಷೋಕೇಸಿನಲ್ಲಿ ಬೀಗ ಹಾಕಿಟ್ಟಿದ್ದ, ಮಾವ ಯಾವುದೋ ರಜೆಯಲ್ಲಿ ತಂದಿದ್ದ, ಆ ಮನೆಯಲ್ಲಿ ಯಾರೂ ನೀರು ಸಹ ಕುಡಿಯದಿದ್ದ ಕಾಲುಳ್ಳ ಗ್ಲಾಸುಗಳಲ್ಲಿ ನಾಲ್ಕನ್ನು ತಾವೇ ತೊಳೆದು ತಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸಾಲಾಗಿ ಇಟ್ಟರು. ಮಾವನನ್ನು ಆಚೆ ತಿರುಗಿಸಿ ನಿಲ್ಲಿಸಿ ನಾನು ಬಿರಡೆ ತೆಗೆದು ಬಗ್ಗಿಸಿದೆ. ಬಿರಡೆಗಳ ಮೇಲೆ ಊರಿನ ಹೆಸರು ಇನ್ನೂ ಇತ್ತು, ಅದನ್ನು ಬಾವಿ ಅಳಿಸಿರಲಿಲ್ಲ. ನಾಲ್ಕು ಬಿರಡೆಗೆ ನನ್ನ ನಾಲ್ಕು ಜೇಬು. ಇಡೀ ವಿದ್ಯಾರ್ಥಿ ಜೀವನದಲ್ಲಿ ಸರಿಯಾದ ಉತ್ತರಗಳೆಲ್ಲ ನನ್ನ ಬಳಿ ಇದ್ದ ಪರೀಕ್ಷೆ ಇದೊಂದೇ.

ಮಾವ ಮೊದಲ ಗ್ಲಾಸ್ ಎತ್ತಿದರು. ಮೂಗು, ಗುಟುಕು, ತೆಂಗಿನ ಮರ. "ನಾಸಿಕ" ಎಂದು ನನ್ನ ಕಡೆ ನೋಡಿ ಸಣ್ಣಗೆ ನಕ್ಕರು. ಸರಿ. ಎರಡನೆಯದಕ್ಕೆ ಬಹಳ ಹೊತ್ತು ತೆಗೆದುಕೊಂಡು, ಹಿಲ್ಲೂರು ಕಾಡು ಎಂದರು. ಫ್ರಾನ್ಸ್. ಅದೂ ಸರಿ. ಅತ್ತೆ ಒಗೆದ ಬಟ್ಟೆ ಹರವುತ್ತಿದ್ದರು, ನಮ್ಮ ಕಡೆ ನೋಡುತ್ತಲೇ ಇರಲಿಲ್ಲ. ಆದರೆ ಒಂದೇ ಟವೆಲನ್ನು ಮೂರು ಸಲ ಹರವಿದ್ದನ್ನು ನಾನು ಕಂಡೆ.

ಮೂರನೆಯದನ್ನು ಮಾವ ಎರಡು ಸಲ ಬಾಯಿಗೆ ಹಾಕಿದರು. ನಾಲ್ಕನೆಯದನ್ನು ಎತ್ತಿದರು, ಮತ್ತೆ ಮೂರಕ್ಕೆ ಬಂದರು. ಹಣೆಯ ಮೇಲೆ ಬೆವರು. ಕೊನೆಗೆ ಮೂರನೆಯದನ್ನು ತೋರಿಸಿ ಪೋರ್ಚುಗಲ್ ಎಂದರು, ನಾಲ್ಕನೆಯದು ಚಿಲಿ.

ನನ್ನ ಎಡಜೇಬಿನಲ್ಲೂ ಬಲಜೇಬಿನಲ್ಲೂ ಬಿರಡೆಗಳು ಚುಚ್ಚಿದವು. ಅದಲು ಬದಲು! ಅದೂ ಹನ್ನೊಂದು ವರ್ಷ ದಿನಾ ಬಗ್ಗಿಸಿದ ಪೋರ್ಚುಗಲ್ಲಿನಲ್ಲೇ ತಪ್ಪಿದ್ದರು. ಹಬ್ಬುವಾಡದಲ್ಲಿ ನಿಜ ಹೇಳಿ ಕೆಡಿಸಿದವನು, ಇಲ್ಲಿ ಸುಳ್ಳು ಹೇಳಿ ಸರಿಮಾಡಲೇ? ಬಾಯಿ ತೆರೆದೆ. ಯಾರ ದನಿಯೂ ಬರಲಿಲ್ಲ.

ಅಷ್ಟರಲ್ಲಿ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕಲ್ಲಿನ ಹತ್ತಿರ ಬಂದಿದ್ದರು. ಯಾಕೋ ನಾಲ್ಕನೆಯ ಗ್ಲಾಸನ್ನು ಎತ್ತಿಕೊಂಡರು. ತುಟಿಗಲ್ಲ, ಮೂಗಿಗೆ. ಕಣ್ಣು ಮುಚ್ಚಿದರು, ಥೇಟ್ ಮಾವನ ಹಾಗೆ.

"ಇದು ಚಿಲಿ ಅಲ್ಲ."

"ನಿಂಗೆಂಥ ಗೊತ್ತು?" ಎಂದರು ಮಾವ.

"ಇದು ನಿಮ್ಮ ಬಿಳಿ ಕೋಟು."

ನಾನು ಆ ಕೋಟನ್ನು ಬಲ್ಲೆ. ಟ್ರಂಕಿನ ತಳದಲ್ಲಿರುವ, ತೋಳಿನ ತುದಿಯಲ್ಲಿ ಕಂದು ಕಲೆಗಳಿರುವ ಕೋಟು. ಕೇರಿಗೇ ಬೆಳ್ಳಗೆ ಬಟ್ಟೆ ಒಗೆಯುವ ಅತ್ತೆ ಅದೊಂದಕ್ಕೆ ಯಾಕೆ ಸೋಪು ಮುಟ್ಟಿಸಿಲ್ಲ ಎಂದು ಎಷ್ಟೋ ಸಲ ಗೇಲಿ ಮಾಡಿದ್ದೆ.

"ರಜೆ ಮುಗ್ಸಿ ಹೋಗ್ವಾಗ ಒಂದು ಕೋಟು ಬಿಟ್ಟು ಹೋಗ್ತಿದ್ರಲ್ಲ, ಒಗೆದಿಡು ಅಂತ," ಅತ್ತೆ ಗ್ಲಾಸಿಗೇ ಹೇಳುವಂತೆ ಹೇಳಿದರು. "ನೀವು ಮತ್ತೆ ಬರೂ ತನಕ ಒಗೀತಿರ್ಲಿಲ್ಲ. ಒಗೆದ್ರೆ ಮನೇಲಿ ಯಾರಿರ್ತಾರೆ?"

ನಾನು ಬಲಜೇಬಿನ ಬಿರಡೆ ತೆಗೆದು ಕಲ್ಲಿನ ಮೇಲೆ ಇಟ್ಟೆ. ಪೋರ್ಚುಗಲ್. ಮಾವ ಅದನ್ನು ಓದಿದರು, ತಿರುಗಿಸಿ ಮತ್ತೊಮ್ಮೆ ಓದಿದರು. ಪರೀಕ್ಷೆಯಲ್ಲಿ ನಾಲ್ಕಕ್ಕೆ ಎರಡು. ನನ್ನ ಲೆಕ್ಕದಲ್ಲಿ ಅದು ಪಾಸು. ಅತ್ತೆಯ ಕರಾರಿನಲ್ಲಿ ಅಲ್ಲ.

ಬೇಲಿಯಾಚೆಯಿಂದ ಮಾಸ್ತರರ ತಲೆ ಕಂಡಿತು. ಪಂಪು ಮತ್ತೆ ಉಪ್ಪು ಎಳೆಯುತ್ತಿದೆ, ಎಂಜಿನ್ ಸಾಹೇಬರು ಒಂದು ಘಳಿಗೆ ಬರಬಹುದೇ ಎಂದು ಕೇಳಿದರು. ಮಾವ ಅಭ್ಯಾಸದಂತೆ ಏಳಲು ಹೋದರು. ಅತ್ತೆ ಅವರ ಹೆಗಲ ಮೇಲೆ ಕೈ ಇಟ್ಟು ಕೂರಿಸಿದರು.

"ಅವ್ರು ಎಂಜಿನ್ನಿನವ್ರಲ್ಲ ಮಾಸ್ತರ್ರೆ. ಹಡಗಲ್ಲಿ ವೈನಿನ ರುಚಿ ನೋಡ್ತಿದ್ರು. ನಿಮ್ಮ ನೀರು ಒಂದು ಲೋಟದಲ್ಲಿ ತಕ್ಕೊಂಡು ಬನ್ನಿ, ನೋಡಿ ಹೇಳ್ತಾರೆ."

ಮಾಸ್ತರರು ಕನ್ನಡಕ ಒರೆಸಿಕೊಳ್ಳುತ್ತ ಲೋಟ ತರಲು ಒಳಗೆ ಹೋದರು. ಅತ್ತೆ ಕೈಯಲ್ಲಿದ್ದ ನಾಲ್ಕನೆಯ ಗ್ಲಾಸನ್ನು ಮಾವನ ಕೈಗೆ ಕೊಟ್ಟು, ಟವೆಲನ್ನು ನಾಲ್ಕನೆಯ ಸಲ ಹರವಲು ಹೋದರು. ಮಾವ ಒಂದು ಗುಟುಕು ಬಾಯಿಗೆ ಹಾಕಿದರು. ಎಡಕ್ಕೆ, ಬಲಕ್ಕೆ. ನಾನು ರೂಢಿಯಂತೆ ದಾರಿ ಬಿಟ್ಟು ಪಕ್ಕಕ್ಕೆ ಸರಿದೆ.

ಮಾವ ತೆಂಗಿನ ಮರದ ಕಡೆ ತಿರುಗಲಿಲ್ಲ. ನುಂಗಿದರು.