ಟರ್ಬೊ ಕಾರು ಮತ್ತು ಅಕ್ಕೋರ ಕಲ್ಲು

ಗ್ಯಾರೇಜು ಇಟ್ಟವನು ನಗುವನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದು ತಾನೇ ನಾಲ್ಕು ಜನರ ಕೈಯಲ್ಲಿ ನೂಕಿಸಿಕೊಂಡು ಬಾಗಿಲಿಗೆ ಬಂದು ನಿಲ್ಲುತ್ತದೆ. ಶಹಾಪುರದಲ್ಲಿ ನಾನು ಗ್ಯಾರೇಜು ಶುರು ಮಾಡಿದ್ದು ಕಾಲುವೆಗೆ ನೀರು ಬಿಟ್ಟ ಹೊಸತರಲ್ಲಿ. ಜೋಳದ ಹೊಲಗಳಲ್ಲೆಲ್ಲ ಭತ್ತ ನಿಂತು, ಟ್ರ್ಯಾಕ್ಟರುಗಳು ಒಂದರ ಹಿಂದೆ ಒಂದು ಬಂದು, ನನಗೆ ಉಣ್ಣಲು ಪುರಸೊತ್ತಿಲ್ಲದ ಕಾಲ ಅದು. ಆದರೂ ನನ್ನ ತಲೆ ತಿಂದದ್ದು ಟ್ರ್ಯಾಕ್ಟರಲ್ಲ, ಒಂದೇ ಒಂದು ಕಾರು.

ಅದು ಪಕ್ಕದೂರು ಸಗರದ ಡ್ರಾಯಿಂಗ್ ಮಾಸ್ತರದು. ಕಾಲುವೆ ಕ್ಯಾಂಪಿನಲ್ಲಿದ್ದ ಹೊರದೇಶದ ಸಾಹೇಬರೊಬ್ಬರು ತಮ್ಮ ಊರಿಗೆ ಹೋಗುವಾಗ ಹಳೆಯ ಜಪಾನಿ ಕಾರೊಂದನ್ನು ಬಿಟ್ಟುಹೋಗಿದ್ದರು. ಹರಾಜಿನಲ್ಲಿ ಬೇರೆ ಯಾರೂ ಬಾಯಿ ಬಿಡಲಿಲ್ಲ, ಮಾಸ್ತರು ಬಿಟ್ಟರು. ಯಾಕೆ ತಗೊಂಡಿರಿ ಎಂದು ಕೇಳಿದರೆ, "ಅದರ ಮೂಗು ನೋಡು ಮಿಸ್ತ್ರಿ, ಎಷ್ಟು ಚಂದ ಅದ" ಅನ್ನುತ್ತಿದ್ದರು. ಚಿತ್ರ ಬರೆಯುವವರಿಗೆ ಗಾಡಿ ಮಾರುವವರನ್ನು ಮೊದಲು ಜೈಲಿಗೆ ಹಾಕಬೇಕು.

ಪಿಸ್ಟನ್ ಕದ್ದವರು ಯಾರು?

ಕಾರಿಗೆ ಶಕ್ತಿಯೇ ಇಲ್ಲ ಎಂದು ಮಾಸ್ತರು ತಂದು ಬಿಟ್ಟರು. ಮರುದಿನ ಅವರ ಎದುರಿಗೇ ಎಂಜಿನ್ ಬಿಚ್ಚಿದೆ. ಒಳಗೆ ಪಿಸ್ಟನ್ ಇಲ್ಲ! ವಾಲ್ವೂ ಇಲ್ಲ. ಇದ್ದದ್ದು ಹೊಟ್ಟೆ ಉಬ್ಬಿದ, ಮೂರು ಮೂಲೆಯ ಎರಡು ಕಬ್ಬಿಣದ ಗಡ್ಡೆಗಳು, ದೊಡ್ಡ ಸಮೋಸದ ಹಾಗೆ. ಗಿರಾಕಿಯ ಗಾಡಿಯಲ್ಲಿ ಸಾಮಾನು ಕಡಿಮೆಯಾದರೆ ಮೊದಲು ಸಿಗುವುದು ಮಿಸ್ತ್ರಿಯ ಕೊರಳಪಟ್ಟಿಯೇ.

"ಮಾಸ್ತರ್ರ, ನಿಮಗ ಮೋಸ ಆಗ್ಯಾದರಿ. ಕ್ಯಾಂಪಿನ್ಯಾಗ ಯಾರೋ ಪಿಸ್ಟನ್ ತಗದು ಇದನ್ನ ತುಂಬ್ಯಾರ" ಅಂದೆ.

ಮಾಸ್ತರು ಕೆಂಡವಾದರು. ನನ್ನನ್ನೂ ಎಳೆದುಕೊಂಡು ಕ್ಯಾಂಪಿಗೆ ಹೋದರು. ಅಲ್ಲಿ ಉಳಿದಿದ್ದವನು ಗೇಟು ಕಾಯುವವನೊಬ್ಬನೇ.

"ನಮ್ಮ ಪಿಸ್ಟನ್ ಎಲ್ಲ್ಯಾವ? ಖರೇ ಹೇಳು!" ಎಂದು ಮಾಸ್ತರು ಗದರಿದರು.

ಆ ಪಾಪದವನು ಗಾಬರಿಯಾಗಿ ಎದ್ದು ನಿಂತ. "ನನಗ ಕಾಯಾಕ ಕೊಟ್ಟಿದ್ದು ಈ ಗೇಟ ರೀ. ಗೇಟು ಇಲ್ಲೇ ಅದ, ನೋಡಿಕೊಳ್ರಿ" ಅಂದ.

ಪೊಲೀಸರ ಹತ್ತಿರವೇ ಹೋಗುವುದೆಂದು ಮಾತಾಡುತ್ತ ಗ್ಯಾರೇಜಿಗೆ ವಾಪಸ್ ಬಂದರೆ, ಅಲ್ಲಿ ಮಾಸ್ತರ ಹೆಂಡತಿ ಬುತ್ತಿ ಹಿಡಿದುಕೊಂಡು ಕಾಯುತ್ತಿದ್ದರು. ಅವರನ್ನು ನಾವೆಲ್ಲ ಅಕ್ಕೋರು ಅನ್ನುತ್ತಿದ್ದೆವು. ಎಲ್ಲ ಕೇಳಿದ ಅಕ್ಕೋರು, "ನಿನ್ನಿ ಇದರಾಗ ಕುಂತು ನಾನೂ ಬಂದೀನಲ್ಲರಿ. ಪಿಸ್ಟನ್ ಇಲ್ಲದ ಗಾಡಿ ಸಗರದಿಂದ ಇಲ್ಲೀತನ ಹೆಂಗ ಬಂತು?" ಎಂದರು.

ಪೊಲೀಸರ ಮಾತು ಅಲ್ಲಿಗೇ ಬಿಟ್ಟು ನಾವಿಬ್ಬರೂ ಬುತ್ತಿ ಬಿಚ್ಚಿದೆವು. ಆಮೇಲೆ ಹೈದರಾಬಾದಿನಲ್ಲಿ ವಿಚಾರಿಸಿದಾಗ ಗೊತ್ತಾಯಿತು: ಇದು ರೋಟರಿ ಎಂಜಿನ್, ಆ ಗಡ್ಡೆಗಳೇ ಗರಗರ ತಿರುಗಿ ಗಾಡಿ ಓಡಿಸುತ್ತವೆ, ಇದಕ್ಕೆ ಹುಟ್ಟಿದಾಗಿನಿಂದ ಪಿಸ್ಟನ್ನೇ ಇಲ್ಲ. ಆಮೇಲೂ ನಾವು ಕ್ಯಾಂಪಿನ ದಾರಿಯಲ್ಲಿ ಹೋದಾಗಲೆಲ್ಲ ಆ ಕಾವಲುಗಾರ ಎದ್ದು ಬಂದು ಗೇಟನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದ.

ಕಲ್ಲಿಗೆ ಎರಡು ಹೂವು

ಸಪಾಟು ರಸ್ತೆಯಲ್ಲಿ ಆ ಕಾರು ಹಾಡಿಕೊಂಡು ಓಡುತ್ತಿತ್ತು. ಏರು ಬಂದರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ಅಕ್ಕೋರ ತವರುಮನೆಯೋ ಸುರಪುರದಲ್ಲಿ, ಗುಡ್ಡದ ಓಣಿಯ ತುದಿಗೆ. ಏರಿನ ಬುಡದ ಬೇವಿನ ಗಿಡ ಬಂದ ಕೂಡಲೆ ಅಕ್ಕೋರು ಇಳಿಯಬೇಕು, ಡಿಕ್ಕಿಯಲ್ಲಿದ್ದ ಕಲ್ಲು ಎತ್ತಿಕೊಂಡು ಕಾರಿನ ಹಿಂದೆ ನಡೆಯಬೇಕು, ಕಾರು ಸೋತು ನಿಂತಲ್ಲೆಲ್ಲ ಹಿಂದಿನ ಗಾಲಿಗೆ ಅದನ್ನು ಒತ್ತಿ ಇಡಬೇಕು. ಹ್ಯಾಂಡ್‌ಬ್ರೇಕ್ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಅದನ್ನು ರಿಪೇರಿ ಮಾಡಿದವನು ನಾನೇ ಆದ್ದರಿಂದ ಯಾರೂ ಅದನ್ನು ನಂಬುತ್ತಿರಲಿಲ್ಲ.

ಮೇಲೆ ಕಟ್ಟೆಯ ಮೇಲೆ ಅಕ್ಕೋರ ಅಣ್ಣ ಕೂತಿರುತ್ತಿದ್ದರು. ಕಾರು ಏದುಸಿರು ಬಿಡುತ್ತ ಬಂದು ನಿಂತರೆ ಪ್ರತಿ ಸಲ ಅದೇ ಮಾತು: "ಮಾಸ್ತರ್ರ, ನಮ್ಮ ತಂಗಿ ಕಾರಿನ್ಯಾಗ ಬಂದಾಳೋ, ಕಾರನ್ನ ಕರಕೊಂಡು ಬಂದಾಳೋ?"

ಓಣಿಯವರು ಪ್ರತಿ ಸಲವೂ ಹೊಸದಾಗಿ ಕೇಳಿದಂತೆ ನಗುತ್ತಿದ್ದರು. ಮಾಸ್ತರೂ ನಗುತ್ತಿದ್ದರು, ಆದರೆ ಅವರ ಕಿವಿ ಕೆಂಪಾಗುತ್ತಿತ್ತು. ಒಮ್ಮೆ ನಾನೂ ಜೊತೆಗಿದ್ದೆ. ಆ ಮುಖ ನೋಡಿ ನನಗೆ ಕೆಟ್ಟ ಅನಿಸಿತು, ಸುಳ್ಳು ಯಾಕೆ ಹೇಳಲಿ.

ದಸರೆಯ ಆಯುಧ ಪೂಜೆಗೆ ಮಾಸ್ತರು ನನ್ನನ್ನು ಮನೆಗೆ ಕರೆದಿದ್ದರು. ಅಕ್ಕೋರು ಕಾರಿಗೆ ವಿಭೂತಿ ಹಚ್ಚಿ ಒಂದು ಹೂವು ಏರಿಸಿದರು. ಪಕ್ಕದಲ್ಲಿ ತೊಳೆದಿಟ್ಟಿದ್ದ ಕಲ್ಲಿಗೆ ಎರಡು ಹೂವು ಏರಿಸಿದರು.

"ಇದೇನ್ರಿ ಅಕ್ಕೋರ, ಗಾಡಿಗೆ ಒಂದು, ಕಲ್ಲಿಗೆ ಎರಡು?"

"ದುಡದಷ್ಟು ಪಗಾರ" ಅಂದರು ಅಕ್ಕೋರು.

ನಾಳೆ ಎಷ್ಟೊತ್ತಿಗೆ?

ಒಂದು ದಿನ ಮಾಸ್ತರು ಬಂದು ನನ್ನ ಎದುರಿಗೆ ಹಳೇ ಟೈರಿನ ಮೇಲೆ ಕೂತರು.

"ಮಿಸ್ತ್ರಿ, ನಮ್ಮ ಮನಿಯಾಕಿ ಅಣ್ಣನ ಮೊಮ್ಮಗನ ತೊಟ್ಟಿಲ ಕಾರ್ಯ ಬಂದದ. ಮಂದಿ ಎಲ್ಲ ಸೇರ್ತಾರ. ಒಮ್ಮೆ, ಒಂದೇ ಒಮ್ಮೆ ಆಕಿನ್ನ ಕಾರಿನ್ಯಾಗ ಕುಂದರಿಸಿಕೊಂಡು ತವರಮನಿ ಬಾಗಿಲತನ ಒಯ್ಯಬೇಕು. ಏನರೆ ಮಾಡು."

ಇದ್ದದ್ದು ಒಂದೇ ದಾರಿ, ಟರ್ಬೊ ಕೂಡಿಸುವುದು. ಎಂಜಿನ್ನಿನಿಂದ ಹೊರಗೆ ಹೋಗುವ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಆ ಚಕ್ರದಿಂದ ಎಂಜಿನ್ನಿಗೆ ಜಾಸ್ತಿ ಗಾಳಿ ತುಂಬುವುದು. ಊದುಗೊಳವೆಯಲ್ಲಿ ಊದಿದರೆ ಒಲೆ ಭಗ್ ಅನ್ನುವುದಿಲ್ಲವೇ, ಹಾಗೆ. ಆದರೆ ಗಾಳಿ ಮಿತಿ ಮೀರಿದರೆ ಆ ಗಡ್ಡೆಗಳ ಮೂಲೆಯಲ್ಲಿ ಗಾಳಿ ಸೋರದಂತೆ ತಡೆಯುವ ಸೀಲುಗಳು ಒಡೆಯುತ್ತವೆ, ಅವು ನಮ್ಮ ಕಡೆ ಎಲ್ಲೂ ಸಿಗುವುದಿಲ್ಲ.

"ಒಡದ್ರ ಕಾರಿನ್ಯಾಗ ಕೋಳಿ ಸಾಕಬೇಕಾಗ್ತದ, ಮಾಸ್ತರ್ರ" ಅಂದೆ.

"ಏರಿದ ಮ್ಯಾಲ ಒಡೀಲಿ" ಅಂದರು ಮಾಸ್ತರು.

ಯಾದಗಿರಿಯ ಗುಜರಿಯಲ್ಲಿ ಒಂದು ಸಣ್ಣ ಟರ್ಬೊ ಸಿಕ್ಕಿತು. ಸೈಲೆನ್ಸರಿನ ಪೈಪು ಕತ್ತರಿಸಿ, ವೆಲ್ಡಿಂಗ್ ಮಾಡಿ, ಆಯಿಲ್ ಹೋಗಲು ದಾರಿ ಮಾಡಿ, ಗಾಳಿಗೆ ರಬ್ಬರಿನ ಪೈಪು ಬಿಗಿದೆ. ಪರೀಕ್ಷೆಗೆಂದು ಇಬ್ಬರೂ ಕಾಲುವೆ ರಸ್ತೆಗೆ ಹೋದೆವು. ಸೇತುವೆಯ ಹತ್ತಿರ ಕುರಿ ಹಿಂಡೊಂದು ನಿಂತಿತ್ತು. ಮಾಸ್ತರು ಆಕ್ಸಿಲರೇಟರ್ ಒತ್ತಿದರು. ಪೈಪು ಕಿತ್ತು ಹಾರಿತು. ಢಂ!

ಹೊಗೆ ಇಳಿದ ಮೇಲೆ ನೋಡಿದರೆ ಈಚೆ ದಂಡೆಯಲ್ಲಿ ಒಂದು ಕುರಿಯೂ ಇರಲಿಲ್ಲ. ಕುರಿ ಕಾಯುವ ಅಜ್ಜ ಕಂಬಳಿ ಬಿಟ್ಟು, ಬಡಿಗೆ ಹಿಡಿದು ಅವುಗಳ ಹಿಂದೆ ಓಡುತ್ತಿದ್ದ.

ಸಂಜೆಗೆ ಅಜ್ಜ ಗ್ಯಾರೇಜಿಗೇ ಬಂದ. ಬಡಿಗೆ ಕೈಯಲ್ಲೇ ಇತ್ತು. ನಾನು ಮೆಲ್ಲಗೆ ಕಾರಿನ ಹಿಂದೆ ಸರಿದೆ.

"ಢಂ ಅನಿಸಿದವ ನೀನ ಏನಪಾ?"

"ತಪ್ಪಾತು ಯಜ್ಜಾ. ಬೇಕಂತ ಮಾಡಿಲ್ಲ."

"ಅಲ್ಲೋ, ಆ ಸೇತುವಿ ದಾಟಸಾಕ ನನಗ ದಿನಾ ಅರ್ಧ ಹೊತ್ತು ಹೋಗ್ತದ. ಒಂದು ಕುರಿ ಹೆದರಿ ನಿಂತರ ಎಲ್ಲಾ ನಿಲ್ತಾವ. ಇವತ್ತು ಒಂದ ದಮ್ಮಿಗೆ ದಾಟ್ಯಾವ. ನಾಳಿಗೆ ಎಷ್ಟೊತ್ತಿಗೆ ಬರ್ತೀರಿ?"

ಬೇವಿನ ಗಿಡ ಬಂತು

ತೊಟ್ಟಿಲ ಕಾರ್ಯದ ದಿನ ಬಂತು. ಎಂಜಿನ್ ಸದ್ದಿಗೆ ಕಿವಿಗೊಡಲು ನಾನು ಮುಂದಿನ ಸೀಟಿನಲ್ಲಿ, ರೇಷ್ಮೆ ಸೀರೆ ಉಟ್ಟ ಅಕ್ಕೋರು, ಕೂಸಿನ ತಲೆಗೆ ಕಟ್ಟಲು ತಾವೇ ಹೊಲಿದ ಕುಂಚಿಗೆ ಹಿಡಿದುಕೊಂಡು, ಹಿಂದೆ. ಹೊರಡುವ ಮುಂಚೆ ಮಾಸ್ತರು ಡಿಕ್ಕಿಯಿಂದ ಕಲ್ಲು ತೆಗೆದು, "ಇನ್ನ ಇದರ ಕೆಲಸ ಮುಗೀತು" ಎಂದು ಗ್ಯಾರೇಜಿನಲ್ಲಿಟ್ಟರು. ಅಕ್ಕೋರು ಇಳಿದು ಹೋಗಿ, ಅದನ್ನು ಎತ್ತಿ ತಂದು ತಮ್ಮ ಕಾಲ ಬುಡದಲ್ಲಿಟ್ಟುಕೊಂಡರು.

ಏರಿನ ಬುಡದಲ್ಲಿ ನಾನು, "ಜರಾ ನಿಲ್ಲಸ್ರಿ. ಟರ್ಬೊ ತಿರುಗಲಿ, ಗಾಳಿ ತುಂಬಲಿ, ಆಮ್ಯಾಲ ಬಿಡ್ರಿ" ಅಂದೆ. ಮಾಸ್ತರು ನಿಲ್ಲಿಸಿ ಆಕ್ಸಿಲರೇಟರ್ ಒತ್ತಿದರು. ಟರ್ಬೊ ಸೀಟಿ ಹೊಡೆಯತೊಡಗಿತು, ಕಾರು ಗಡಗಡ ನಡುಗಿತು, ಏನೂ ಕೇಳಿಸದಷ್ಟು ಸದ್ದು. "ಹೂಂ!" ಅಂದೆ. ಮಾಸ್ತರು ಕ್ಲಚ್ ಬಿಟ್ಟರು.

ಹೋಯಿತು ನೋಡಿ! ಸೋತು ನಿಲ್ಲುತ್ತಿದ್ದ ಜಾಗಗಳೆಲ್ಲ ಹಿಂದೆ ಸರಿದವು. ಸೀಲು ಒಡೆಯಲಿಲ್ಲ, ಪೈಪು ಹಾರಲಿಲ್ಲ. ಮಾಸ್ತರು ಹಾರ್ನ್ ಮೇಲಿನ ಕೈ ತೆಗೆಯಲೇ ಇಲ್ಲ. ಮನೆಯ ಮುಂದಿದ್ದ ಮಂದಿ ಎಲ್ಲ ಎದ್ದು ನಿಂತರು. ಅಣ್ಣ ಕಟ್ಟೆ ಇಳಿದು ಬಂದರು. ಮಾಸ್ತರು ಜುಬ್ಬಾ ಸರಿ ಮಾಡಿಕೊಂಡು, ಸುತ್ತು ಹಾಕಿ ಬಂದು, ಎಲ್ಲರಿಗೂ ಕಾಣುವ ಹಾಗೆ ಹಿಂದಿನ ಬಾಗಿಲು ತೆಗೆದರು.

ಸೀಟಿನ ಮೇಲೆ ಕೂಸಿನ ಕುಂಚಿಗೆ ಇತ್ತು. ಅಕ್ಕೋರು ಇರಲಿಲ್ಲ.

"ಮಾಸ್ತರ್ರ, ಕಾರು ಬಂತು. ನಮ್ಮ ತಂಗಿ ಎಲ್ಲಿ?" ಎಂದರು ಅಣ್ಣ.

ಎಲ್ಲರೂ ಏರಿನ ಕೆಳಗಡೆಗೆ ನೋಡಿದೆವು. ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು, ಕಲ್ಲನ್ನು ಬಗಲಲ್ಲಿ ಕೂಸಿನಂತೆ ಹೊತ್ತುಕೊಂಡು ಅಕ್ಕೋರು ಏರು ಹತ್ತಿ ಬರುತ್ತಿದ್ದರು. ಬಂದವರೇ ಯಾರನ್ನೂ ನೋಡದೆ ಗಾಲಿಗೆ ಕಲ್ಲು ಇಟ್ಟು, ಆಮೇಲೆ ಉಸಿರು ಬಿಟ್ಟರು.

"ನಿನಗ ಇಳಿ ಅಂದವರ್ಯಾರು?" ಮಾಸ್ತರ ದನಿ ಅಳುವ ಹಾಗಾಗಿತ್ತು.

"ಯಾವಾಗರೆ ಯಾರರೆ ಹೇಳ್ಯಾರೇನ್ರಿ? ಗಾಡಿ ನಿಂತಿತು, ಬೇವಿನ ಗಿಡ ಬಂತು, ಇಳದೆ."

ಓಣಿ ತುಂಬ ನಗು. ಮಾಸ್ತರು ತಲೆ ತಗ್ಗಿಸಿ ಮೂಗಿನ ತುದಿ ಒರೆಸಿಕೊಂಡರು. ನಗದೆ ನಿಂತವರೆಂದರೆ, ನನಗೇ ಆಶ್ಚರ್ಯ, ಆ ಅಣ್ಣ. ಅವರು ಮಾಸ್ತರ ಹೆಗಲ ಮೇಲೆ ಕೈ ಇಟ್ಟು, "ಇನ್ನೊಮ್ಮೆ ಹೋಗಿ ಬರ್ರಿ. ನೀವು ಬಂದ ಮ್ಯಾಲ ಕೂಸಿನ್ನ ತೊಟ್ಟಿಲಿಗೆ ಹಾಕ್ತೀವಿ" ಎಂದರು.

ಮತ್ತೆ ಇಳಿದೆವು. ಈ ಸಲ ಅಕ್ಕೋರನ್ನು ಮುಂದಿನ ಸೀಟಿನಲ್ಲಿ ಕೂರಿಸಿ ನಾನು ಹಿಂದೆ ಕೂತೆ. ಬೇವಿನ ಗಿಡದ ಹತ್ತಿರ ಅವರ ಕೈ ತಾನಾಗಿಯೇ ಬಾಗಿಲಿಗೆ ಹೋಯಿತು. ಮಾಸ್ತರು ಆ ಕೈ ಹಿಡಿದುಕೊಂಡರು. ಗೇರು ಹಾಕುವಾಗಷ್ಟೇ ಬಿಟ್ಟರು. ಕಾರು ಸೀಟಿ ಹೊಡೆಯುತ್ತ ಏರಿತು. ಅಕ್ಕೋರು ತೊಡೆಯ ಮೇಲೆ ಕಲ್ಲು ಇಟ್ಟುಕೊಂಡು, ತಾವು ಇಷ್ಟು ವರ್ಷ ನಡೆದ ಓಣಿಯನ್ನು ಕಿಟಕಿಯಿಂದ ಕಣ್ಣು ತುಂಬ ನೋಡುತ್ತಿದ್ದರು.

ಮೇಲೆ ಅಣ್ಣನೇ ಬಂದು ಬಾಗಿಲು ತೆಗೆದು, "ಬಾರವ್ವಾ ತಂಗಿ, ಕಾರಿನ್ಯಾಗ ಬಂದಿ" ಎಂದರು. ಆ ಮಾತಿಗೆ ಮಾಸ್ತರ ಮುಖ ಅರಳಿದ್ದನ್ನು ನೋಡಿ ನನ್ನ ಕಣ್ಣೂ ಒದ್ದೆಯಾಯಿತು. ಅಕ್ಕೋರು ಗತ್ತಿನಿಂದ ಇಳಿದರು. ನೇರ ಹಿಂದಕ್ಕೆ ಹೋಗಿ, ಬಗ್ಗಿ, ಗಾಲಿಗೆ ಕಲ್ಲು ಇಟ್ಟರು.

"ಇನ್ನೂ ಯಾಕ ಕಲ್ಲು? ಟರ್ಬೊ ಅದಲ್ಲ?" ಎಂದರು ಅಣ್ಣ.

ಅಕ್ಕೋರು ನನ್ನ ಕಡೆ ಒಮ್ಮೆ ನೋಡಿದರು.

"ಟರ್ಬೊ ಏರಸ್ತದ, ಅಣ್ಣಾ. ಆದರ ಬ್ರೇಕೂ ಇದೇ ಮಿಸ್ತ್ರಿನೇ ಮಾಡ್ಯಾನ."